ಹಾಡು ಮೊದಲು, ಪಕ್ಕವಾದ್ಯ ಆಮೇಲೆ

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ನಾಟಕದ ಕಾಲ ಮೊದಲಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಜನರಿಗೆ ಪೌರಾಣಿಕ ನಾಟಕವೆಂದರೆ ಇಂದಿಗೂ ಅಕ್ಕರೆ. ಊರ ಮುಂದಿನ ಬಯಲಿನಲ್ಲಿ ರಂಗ ಸಜ್ಜಾಗುತ್ತದೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದವರೇ ಇರುಳು ಕಿರೀಟ ಧರಿಸಿ ‘ಕುರುಕ್ಷೇತ್ರ’ದ ಕೃಷ್ಣನೂ ಕರ್ಣನೂ ಆಗುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಎದುರಿನಲ್ಲಿ ಕುಳಿತು ಕಲಿತ ಕಂದಪದ್ಯಗಳನ್ನೂ ರಂಗಗೀತೆಗಳನ್ನೂ ಅಂದೊಂದು ಇರುಳು ತಮ್ಮ ಊರಿನವರ ಮುಂದೆ ಹಾಡುತ್ತಾರೆ.

ಅಂಥ ಇರುಳಿನಲ್ಲಿ ಹಲವು ವೇಳೆ ಒಂದು ಸಂಕಟ ಒದಗುವುದನ್ನು ನಾವು ಕಂಡಿದ್ದೇವೆ. ಪಾತ್ರಧಾರಿ ಬಾಯಿ ತೆರೆದು ಹಾಡುತ್ತಿದ್ದಾನೆ. ಕೇಳಿಸುತ್ತಿರುವುದು ಮಾತ್ರ ಪಕ್ಕದಲ್ಲಿರುವ ಕೀಬೋರ್ಡಿನ ಅಬ್ಬರ. ಹಿಂದಿನ ಸಾಲಿನಿಂದ “ಮೈಕ್ ಜೋರು ಮಾಡ್ರಪ್ಪಾ!” ಎಂದು ಯಾರೋ ಕೂಗುತ್ತಾರೆ. ಧ್ವನಿವರ್ಧಕದವನು ಎಲ್ಲವನ್ನೂ ಇನ್ನಷ್ಟು ಏರಿಸುತ್ತಾನೆ. ಅಬ್ಬರ ಇಮ್ಮಡಿಯಾಗುತ್ತದೆಯೇ ಹೊರತು ಪದ್ಯ ತಿಳಿಯುವುದಿಲ್ಲ. ಮೂರನೆಯ ದೃಶ್ಯ ಬರುವ ಹೊತ್ತಿಗೆ ಪಾತ್ರಧಾರಿಯ ಗಂಟಲು ಒಡೆದಿರುತ್ತದೆ. ತಿಂಗಳುಗಳ ಶ್ರಮ ಹೀಗೆ ಒಂದು ಗಂಟೆಯಲ್ಲಿ ವ್ಯರ್ಥವಾಗುತ್ತದೆ.

ಮಾತಿಗೆ ಬೆಲೆ ಕೊಟ್ಟ ಸೀಮೆ ಇದು. ‘ಮೈಸೂರ ಮಲ್ಲಿಗೆ’ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದುದು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ‘ಗೋಕುಲ ನಿರ್ಗಮನ’ದಂತಹ ಗೀತನಾಟಕವನ್ನು ರಚಿಸಿದ ಪು. ತಿ. ನರಸಿಂಹಾಚಾರ್ಯರು 1905ರಲ್ಲಿ ಹುಟ್ಟಿದುದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. ಇವರ ಗೀತೆಗಳನ್ನು ಹಾಡುವಾಗ ಸಾಹಿತ್ಯ ಕೇಳಿಸದೆ ಹೋದರೆ ಉಳಿಯುವುದಾದರೂ ಏನು? ಹಾಡನ್ನು ಮುಳುಗಿಸುವ ದೋಷ ಎಲ್ಲಿದೆ, ಅದನ್ನು ಕೀಬೋರ್ಡಿನ ಮುಂದೆ ಕುಳಿತವರು ಹೇಗೆ ನಿವಾರಿಸಬಹುದು ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರ ಮಾಡೋಣ.

ಉಸಿರಿದ್ದ ವಾದ್ಯಗಳು

ಶ್ರೀರಂಗಪಟ್ಟಣಕ್ಕೂ ಕೀಲಿಮಣೆಯ ವಾದ್ಯಕ್ಕೂ ಇರುವ ನಂಟು ಹೊಸದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಅರಮನೆಯಿಂದ ಇಂಗ್ಲಿಷರು ಕೊಂಡೊಯ್ದ ಮರದ ಹುಲಿಯ ಸಂಗತಿಯನ್ನು ಅನೇಕರು ಬಲ್ಲರು. ಅದು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಸೈನಿಕನೊಬ್ಬನ ಮೇಲೆ ಎರಗಿದ ಆ ಹುಲಿಯ ಒಡಲಿನಲ್ಲಿ ಕೊಳವೆಗಳಿಂದ ನುಡಿಯುವ ಆರ್ಗನ್ ವಾದ್ಯವೊಂದಿದೆ. ಅದಕ್ಕೆ 18 ಗುಂಡಿಗಳ ಕೀಲಿಮಣೆ. ಹೊರಗಿನ ಹಿಡಿಯನ್ನು ತಿರುಗಿಸಿದರೆ ತಿದಿಗಳು ಆಡಿ, ಹುಲಿ ಗರ್ಜಿಸುತ್ತದೆ, ಸೈನಿಕ ನರಳುತ್ತಾನೆ. ವಾದ್ಯದ ಉಸಿರು ಮನುಷ್ಯನ ಕೈಯಲ್ಲಿತ್ತು ಎಂಬುದಷ್ಟನ್ನು ನಾವು ಇಲ್ಲಿ ಗಮನಿಸಬೇಕು.

ನಾಟಕದ ಮೇಷ್ಟ್ರ ಹಾರ್ಮೋನಿಯಮ್ಮಿಗೂ ಇದೇ ಮಾತು ಸಲ್ಲುತ್ತದೆ. ಅವರ ಒಂದು ಕೈ ಮನೆಗಳ ಮೇಲೆ, ಇನ್ನೊಂದು ಕೈ ತಿದಿಯ ಮೇಲೆ. ನಟ ಪದ್ಯವನ್ನು ಎತ್ತಿಕೊಂಡೊಡನೆ ತಿದಿಯ ಕೈ ತಾನಾಗಿಯೇ ಹಗುರವಾಗುತ್ತದೆ. ಪದ್ಯದ ಪಾದ ಮುಗಿದು ಉಸಿರೆಳೆಯುವಾಗ ಆ ಕೈ ಮತ್ತೆ ಬಲಗೊಳ್ಳುತ್ತದೆ. ಇದನ್ನು ಯಾರೂ ಅವರಿಗೆ ಲೆಕ್ಕ ಹಾಕಿ ಹೇಳಿಕೊಡಲಿಲ್ಲ. ಕಿವಿ ಕೇಳಿತು, ಕೈ ಅನುಸರಿಸಿತು, ಅಷ್ಟೆ.

ಅರೇಂಜರ್ ಕೀಬೋರ್ಡ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ಈ ತಿದಿ ಇಲ್ಲ. ಎಡಗೈಯಿಂದ ಎರಡು ಮೂರು ಮನೆಗಳನ್ನು ಒತ್ತಿ ಸ್ವರಮೇಳವೊಂದನ್ನು ಸೂಚಿಸಿದರೆ ಸಾಕು. ಅದರೊಳಗೆ ಮೊದಲೇ ಅಳವಡಿಸಿರುವ ಪಕ್ಕವಾದ್ಯದ ತಂಡವೊಂದು ಆ ಸ್ವರಕ್ಕೆ ಹೊಂದಿಕೊಂಡು ತಾಳಬದ್ಧವಾಗಿ ನುಡಿಯತೊಡಗುತ್ತದೆ. ಇದನ್ನು ‘ಸ್ಟೈಲ್’ ಎನ್ನುವರು. ಬಲಗೈ ನುಡಿಸುವ ಸ್ವರಕ್ಕೆ ಕೊಳಲು, ಪಿಟೀಲು, ಶಹನಾಯಿ ಮೊದಲಾದ ನಾದಗುಣಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು. ಇದಕ್ಕೆ ‘ವಾಯ್ಸ್’ ಎಂದು ಹೆಸರು. ಇಲ್ಲಿ ವಾಯ್ಸ್ ಎಂದರೆ ಗಾಯಕನ ಕಂಠವಲ್ಲ, ಬಲಗೈಯ ವಾದ್ಯ ಎಂಬುದನ್ನು ಮರೆಯಬಾರದು. ಆದುದರಿಂದ ನಾವು ಸರಿದೂಗಿಸಬೇಕಾದುದು ಎರಡನ್ನಲ್ಲ, ಮೂರನ್ನು: ಗಾಯಕನ ಕಂಠ, ಬಲಗೈಯ ಸ್ವರ, ಸ್ಟೈಲಿನ ಪಕ್ಕವಾದ್ಯ.

ಸ್ಟೈಲಿನಲ್ಲಿ ಸಾಮಾನ್ಯವಾಗಿ ಎಂಟು ಭಾಗಗಳಿರುತ್ತವೆ. ತಾಳವಾದ್ಯಕ್ಕೆ ಎರಡು, ಮಂದ್ರದ ಬೇಸ್ ನಾದಕ್ಕೆ ಒಂದು, ಉಳಿದವು ಸ್ವರಮೇಳಕ್ಕೂ ಅಲಂಕಾರದ ಸಣ್ಣ ಪಲುಕುಗಳಿಗೂ ಮೀಸಲು. ಬಲಗೈಯ ಮನೆಗಳನ್ನು ಮೆಲ್ಲಗೆ ಒತ್ತಿದರೆ ಮೆಲುದನಿ, ಬಲವಾಗಿ ಒತ್ತಿದರೆ ಜೋರುದನಿ ಬರುವ ಏರ್ಪಾಡು ಹಲವು ಕೀಬೋರ್ಡುಗಳಲ್ಲಿದೆ. ಸ್ಟೈಲ್ ಮಾತ್ರ ತಯಾರಕರು ತುಂಬಿದ ಬಲದಲ್ಲಿಯೇ ನುಡಿಯುತ್ತದೆ. ಎಡಗೈ ಎಷ್ಟೇ ಮೃದುವಾಗಿ ಒತ್ತಿದರೂ ಡ್ರಮ್ಮಿನ ಪೆಟ್ಟು ಹಗುರವಾಗುವುದಿಲ್ಲ. ನಟ ಹಾಡುತ್ತಿದ್ದಾನೆಯೇ, ಸುಮ್ಮನಿದ್ದಾನೆಯೇ ಎಂಬುದು ಅದಕ್ಕೆ ಗೊತ್ತಾಗುವುದೂ ಇಲ್ಲ. ಕಿವಿಯಿಲ್ಲದ ಪಕ್ಕವಾದ್ಯಗಾರನಿಗೆ ನಾವೇ ಕಿವಿಯಾಗಬೇಕು.

ಅಂಕಿಗಳ ಅರ್ಥ

ಕೀಬೋರ್ಡಿನ ಪ್ರತಿಯೊಂದು ಭಾಗದ ದನಿಯ ಮಟ್ಟವನ್ನು 0ಯಿಂದ 127ರವರೆಗಿನ ಅಂಕಿಯಿಂದ ಸೂಚಿಸುವುದು ವಾಡಿಕೆ. ನೂರಕ್ಕೆ ನಿಲ್ಲದೆ 127ಕ್ಕೆ ಏಕೆ ನಿಂತರು? ವಾದ್ಯಗಳು ಪರಸ್ಪರ ಸಂಕೇತಗಳನ್ನು ಕಳುಹಿಸಲು 1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಎಂಬ ಪದ್ಧತಿಯಲ್ಲಿ ಇಂತಹ ಅಂಕಿಗೆ ಏಳು ದ್ವಿಮಾನ ಸ್ಥಾನಗಳನ್ನು ಕೊಟ್ಟಿದ್ದಾರೆ. ಎರಡನ್ನು ಏಳು ಬಾರಿ ಗುಣಿಸಿದರೆ 128. ಸೊನ್ನೆಯಿಂದ ಎಣಿಸಿದರೆ ಕೊನೆಯದು 127.

ಈ ಅಂಕಿಗಳನ್ನು ಅಳತೆಯ ಸೇರಿನಂತೆ ಭಾವಿಸಿದರೆ ಮೋಸಹೋಗುತ್ತೇವೆ. ಶಬ್ದವನ್ನು ಅಳೆಯುವ ಮಾನ ಡೆಸಿಬೆಲ್. ಶಬ್ದದ ಶಕ್ತಿ ಅರ್ಧಕ್ಕೆ ಇಳಿದರೆ 3 ಡೆಸಿಬೆಲ್ ಕಡಿಮೆಯಾದಂತೆ; ಕಿವಿಗೆ ಅದು ಅಲ್ಪ ವ್ಯತ್ಯಾಸ. ದನಿ ಅರ್ಧವಾಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಎಂದರೆ ಶಕ್ತಿ ಹತ್ತನೆಯ ಒಂದು ಪಾಲಾಗಬೇಕು. ಮಿಡಿ ಪದ್ಧತಿಯಲ್ಲಿ ಶಿಫಾರಸು ಮಾಡಿರುವ ಲೆಕ್ಕದಂತೆ, ಅಂಕಿಯನ್ನು 100ರಿಂದ 80ಕ್ಕೆ ಇಳಿಸಿದರೆ ಸುಮಾರು 4 ಡೆಸಿಬೆಲ್, 70ಕ್ಕೆ ಇಳಿಸಿದರೆ 6 ಡೆಸಿಬೆಲ್, 50ಕ್ಕೆ ಇಳಿಸಿದರೆ 12 ಡೆಸಿಬೆಲ್ ತಗ್ಗುತ್ತದೆ. ಎಲ್ಲ ವಾದ್ಯಗಳೂ ಈ ಲೆಕ್ಕವನ್ನು ಕರಾರುವಾಕ್ಕಾಗಿ ಪಾಲಿಸುವುದಿಲ್ಲವಾದರೂ ದಾರಿ ತೋರಲು ಇಷ್ಟು ಸಾಕು. 100ರಿಂದ 95ಕ್ಕೆ ಇಳಿಸಿ “ಕಡಿಮೆ ಮಾಡಿದೆನಲ್ಲ!” ಎನ್ನುವವರು ಒಂದು ಡೆಸಿಬೆಲ್ಲಿನಷ್ಟೂ ಇಳಿಸಿರುವುದಿಲ್ಲ, ಅಷ್ಟು ಸಣ್ಣ ವ್ಯತ್ಯಾಸವನ್ನು ಗುರುತಿಸುವುದು ಕಿವಿಗೆ ಪ್ರಯಾಸ.

ಒಂದು ನಾದ ಇನ್ನೊಂದನ್ನು ಮರೆಮಾಡುವ ಬಗೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಂಠಕ್ಕೆ ಬೇರೆಯೇ ಮೈಕ್ ಇದ್ದರೂ ಪದ್ಯ ಏಕೆ ಮುಳುಗುತ್ತದೆ?

ಕಾಲು, ಸಾಲು, ಹಾಲು, ಪಾಲು ಈ ನಾಲ್ಕು ಪದಗಳನ್ನು ಗಟ್ಟಿಯಾಗಿ ಹೇಳಿ ನೋಡಿರಿ. ನಾಲ್ಕರಲ್ಲಿಯೂ ‘ಆ’ ಎಂಬ ಸ್ವರ ದೀರ್ಘವಾಗಿಯೂ ಬಲವಾಗಿಯೂ ಕೇಳುತ್ತದೆ. ಆದರೆ ಪದವನ್ನು ಪದದಿಂದ ಬೇರ್ಪಡಿಸುವುದು ಮೊದಲಿನ ವ್ಯಂಜನ ಮಾತ್ರ. ಆ ವ್ಯಂಜನ ಕ್ಷಣಮಾತ್ರದ್ದು. ಅದರ ಶಕ್ತಿಯೂ ಅಲ್ಪ. ಗಂಡಸಿನ ಮಾತಿನ ಮೂಲನಾದ ಸೆಕೆಂಡಿಗೆ ನೂರು, ನೂರೈವತ್ತು ಕಂಪನಗಳ ಆಸುಪಾಸಿನಲ್ಲಿದ್ದರೆ, ಮಾತನ್ನು ಸ್ಪಷ್ಟಗೊಳಿಸುವ ಅಂಶಗಳು ಹೆಚ್ಚಾಗಿ 1000ದಿಂದ 4000 ಕಂಪನಗಳ ನಡುವೆ ಇರುತ್ತವೆ. ಸಕಾರ ಶಕಾರಗಳ ಸೀತ್ಕಾರ ಅದಕ್ಕೂ ಮೇಲೆ ಹೋಗುತ್ತದೆ. ಸ್ವರ ಕೇಳಿಸಿ ವ್ಯಂಜನ ಕೇಳಿಸದಿದ್ದರೆ ಹಾಡುತ್ತಿದ್ದಾನೆ ಎಂಬುದು ತಿಳಿಯುತ್ತದೆ, ಏನು ಹಾಡುತ್ತಿದ್ದಾನೆ ಎಂಬುದು ತಿಳಿಯುವುದಿಲ್ಲ.

ಈ ಬಡ ವ್ಯಂಜನಗಳಿಗೆ ಶತ್ರುಗಳು ಮೂರು. ಮೊದಲನೆಯದು ಮಂದ್ರನಾದ. ತಗ್ಗಿನ ನಾದ ಎತ್ತರದ ನಾದವನ್ನು ಸುಲಭವಾಗಿ ಮರೆಮಾಡುತ್ತದೆ, ಎತ್ತರದ್ದು ತಗ್ಗಿನದನ್ನು ಅಷ್ಟು ಸುಲಭವಾಗಿ ಮರೆಮಾಡಲಾರದು ಎಂದು ಅಮೆರಿಕದ ಮೇಯರ್ ಎಂಬ ವಿಜ್ಞಾನಿ 1876ರಲ್ಲಿಯೇ ಗಮನಿಸಿದ್ದನು. ಇಷ್ಟೇ ಅಲ್ಲ, ಶಬ್ದ ಹೆಚ್ಚಿದಷ್ಟೂ ಮಂದ್ರನಾದದ ಈ ನೆರಳು ಮೇಲಕ್ಕೆ ಇನ್ನೂ ದೂರ ಚಾಚುತ್ತದೆ. ಎಲ್ಲವನ್ನೂ ಒಟ್ಟಿಗೆ ಏರಿಸಿದ ಧ್ವನಿವರ್ಧಕದವನ ಉಪಾಯ ಏಕೆ ಫಲಿಸಲಿಲ್ಲ ಎಂಬುದು ಈಗ ಸ್ಪಷ್ಟವಾಗುತ್ತದೆ. ಅವನು ಕಂಠವನ್ನು ಏರಿಸಿದನು. ಅದರ ಜೊತೆಗೆ ನೆರಳನ್ನೂ ಬೆಳೆಸಿದನು.

ಎರಡನೆಯ ಶತ್ರು ಸಿಂಬಲ್ಲಿನಂತಹ ಕಂಚಿನ ತಟ್ಟೆಗಳ ಝಣತ್ಕಾರ. ನಮ್ಮ ತಬಲ ಮೃದಂಗಗಳ ಚರ್ಮದ ಮೇಲಿನ ಕರಣೆಯಿಂದಾಗಿ ಅವುಗಳ ಉಪನಾದಗಳು ಮೂಲನಾದಕ್ಕೆ ಹೊಂದಿಕೊಂಡು, ಚರ್ಮವಾದ್ಯಕ್ಕೂ ಶ್ರುತಿ ಬರುತ್ತದೆ ಎಂಬುದನ್ನು ಸಿ. ವಿ. ರಾಮನ್ನರು 1920ರಲ್ಲಿ ವಿವರಿಸಿದ್ದರು. ಶ್ರುತಿಯುಳ್ಳ ನಾದ ಕೆಲವೇ ಕಂಪನಸಂಖ್ಯೆಗಳಲ್ಲಿ ನೆಲೆಸಿ, ನಡುವೆ ಕಂಠಕ್ಕೆ ಎಡೆಗೊಡುತ್ತದೆ. ಸಿಂಬಲ್ಲಿಗೆ ಅಂತಹ ಕಟ್ಟಿಲ್ಲ. ಅದರ ಸದ್ದು ಸಾವಿರಾರು ಕಂಪನಗಳ ಹರವಿನಲ್ಲೆಲ್ಲ ಚೆಲ್ಲಿಕೊಂಡು, ಸಕಾರ ಶಕಾರಗಳಿರುವ ತಾಣವನ್ನೇ ಆಕ್ರಮಿಸುತ್ತದೆ.

ಮೂರನೆಯ ಶತ್ರು ಮಿತ್ರನ ವೇಷದಲ್ಲಿರುತ್ತಾನೆ. ಅವನೇ ಬಲಗೈಯ ಸ್ವರ. ಗಾಯಕನು ಹಾಡುವ ಸ್ವರವನ್ನೇ ಅದೇ ಸ್ಥಾಯಿಯಲ್ಲಿ, ಶಹನಾಯಿಯಂತಹ ಚೂಪಾದ ನಾದದಲ್ಲಿ ನುಡಿಸಿದರೆ, ಕಂಠವಿರುವ ಕಂಪನಸಂಖ್ಯೆಗಳಲ್ಲಿಯೇ ವಾದ್ಯವೂ ಬಂದು ಕುಳಿತಂತಾಗುತ್ತದೆ. ಶ್ರುತಿ ತಪ್ಪದಿರಲೆಂದು ಕೊಟ್ಟ ಆಸರೆಯೇ ಮಾತನ್ನು ನುಂಗುತ್ತದೆ.

ಮನೆಯಲ್ಲಿ ಸರಿ, ಬಯಲಿನಲ್ಲಿ ತಪ್ಪು

“ಮನೆಯಲ್ಲಿ ಅಭ್ಯಾಸ ಮಾಡುವಾಗ ಎಲ್ಲ ಸರಿಯಾಗಿತ್ತು” ಎಂದು ಕೀಬೋರ್ಡಿನವರು ಹೇಳುವುದುಂಟು. ಅದು ಸುಳ್ಳಲ್ಲ. ಕಿವಿಯು ಎಲ್ಲ ನಾದಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು 1933ರಲ್ಲಿ ಅಳೆದು ತೋರಿಸಿದರು. ದನಿ ಮೆಲ್ಲಗಿರುವಾಗ ಮಂದ್ರನಾದವು ನಮಗೆ ಇದ್ದುದಕ್ಕಿಂತ ಬಹಳ ಕಡಿಮೆಯಾಗಿ ಕೇಳಿಸುತ್ತದೆ. ದನಿ ಜೋರಾದಂತೆ ಆ ಕೊರತೆ ತುಂಬಿಕೊಳ್ಳುತ್ತದೆ. ಮನೆಯ ಪಡಸಾಲೆಯಲ್ಲಿ ಮೆಲ್ಲಗೆ ನುಡಿಸುತ್ತ “ಬೇಸ್ ಸಾಲದು” ಎಂದು ಏರಿಸಿದವರು, ಅದೇ ಅಂಕಿಗಳನ್ನು ಬಯಲಿನ ದೊಡ್ಡ ಧ್ವನಿವರ್ಧಕಗಳಿಗೆ ಒಪ್ಪಿಸಿದರೆ, ಅಲ್ಲಿ ಬೇಸು ಉಬ್ಬಿ ಎಲ್ಲವನ್ನೂ ಮುಚ್ಚುತ್ತದೆ.

ಬಯಲಿನಲ್ಲಿ ಇನ್ನೊಂದು ವಿಚಿತ್ರವುಂಟು. ತಗ್ಗಿನ ನಾದಗಳ ತರಂಗ ಉದ್ದವಾದುದರಿಂದ ಅವು ಪೆಟ್ಟಿಗೆಯ ಹಿಂದಕ್ಕೂ ಪಕ್ಕಕ್ಕೂ ಬಾಗಿ ಎಲ್ಲ ದಿಕ್ಕಿಗೂ ಹರಡುತ್ತವೆ. ವ್ಯಂಜನಗಳನ್ನು ಹೊತ್ತ ಗಿಡ್ಡ ತರಂಗಗಳು ಧ್ವನಿವರ್ಧಕದ ನೇರ ಮುಂದಕ್ಕೆ ಹೆಚ್ಚಾಗಿ ಸಾಗುತ್ತವೆ. ನಾಟಕ ನಡೆಯುವ ಊರನ್ನು ಇರುಳು ದೂರದಿಂದ ಸಮೀಪಿಸುವಾಗ ಮೊದಲು ಧಿಮ್ ಧಿಮ್ ಎಂಬ ಪೆಟ್ಟು ಮಾತ್ರ ಕೇಳಿ, ಬಯಲಿಗೆ ಬಂದ ಮೇಲೆ ಪದ್ಯ ಕೇಳಿಸುವುದನ್ನು ವಾಚಕರು ಅನುಭವಿಸಿರಬಹುದು. ಕೀಬೋರ್ಡಿನವನು ಕುಳಿತುಕೊಳ್ಳುವುದು ರಂಗದ ಪಕ್ಕದಲ್ಲಿ. ಅಲ್ಲಿಂದ ಅವನು ಕೇಳುವುದು ಪ್ರೇಕ್ಷಕರು ಕೇಳುವುದಕ್ಕಿಂತ ಬೇರೆಯೇ ಆಗಿರುತ್ತದೆ.

ಗಂಟಲು ತೆರುವ ಬೆಲೆ

ಸುತ್ತಲೂ ಸದ್ದು ಹೆಚ್ಚಿದರೆ ಮನುಷ್ಯನು ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸ್ ದೇಶದ ವೈದ್ಯ ಲೊಂಬಾರ್ 1911ರಲ್ಲಿ ಇದನ್ನು ವರದಿ ಮಾಡಿದನು. ಇಂದಿಗೂ ಅವನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ತನ್ನ ದನಿ ತನಗೆ ಕೇಳಿಸದಿದ್ದಾಗ ನಟ ಮಾಡುವುದೂ ಇದನ್ನೇ. ಧ್ವನಿತಂತುಗಳು ಸೆಕೆಂಡಿಗೆ ನೂರಾರು ಬಾರಿ ಒಂದಕ್ಕೊಂದು ತಾಗಿ ಬೇರೆಯಾಗುತ್ತಿರುತ್ತವೆ. ಕಿರುಚಿದಷ್ಟೂ ಆ ತಾಗುವಿಕೆ ಬಿರುಸಾಗಿ ತಂತುಗಳ ಅಂಚು ಊದಿಕೊಳ್ಳುತ್ತದೆ, ದನಿ ಒಡೆಯುತ್ತದೆ. ಮರುದಿನ ನುಡಿಯಲಾರದೆ ಬಿಸಿನೀರು ಕುಡಿಯುತ್ತ ಕೂರುವ ನಟನಿಗೆ ಸಾಧನೆ ಸಾಲದೆಂದು ಹೇಳುವುದು ಅನ್ಯಾಯ. ಅವನು ಹೋರಾಡಿದುದು ಕೌರವರೊಡನೆಯಲ್ಲ, ಕೀಬೋರ್ಡಿನೊಡನೆ.

ಸರಿದೂಗಿಸುವ ಕ್ರಮ

ಕಾರಣ ತಿಳಿದ ಮೇಲೆ ಪರಿಹಾರ ಕಷ್ಟವಲ್ಲ. ಕೇಳಿಸಬೇಕಾದುದನ್ನು ಏರಿಸುವುದಲ್ಲ, ಮರೆಮಾಡುವುದನ್ನು ಇಳಿಸುವುದೇ ಇದರ ಸೂತ್ರ. ಇದನ್ನು ಹೀಗೆ ಆಚರಿಸಬಹುದು.

ನಾಟಕಕ್ಕೆ ಮೊದಲು, ಬಯಲಿನಲ್ಲಿಯೇ, ಅಂದಿನ ಧ್ವನಿವರ್ಧಕಗಳಲ್ಲಿಯೇ ಪರೀಕ್ಷೆ ನಡೆಯಬೇಕು. ಮೊದಲು ಕೀಬೋರ್ಡನ್ನು ಮೌನವಾಗಿಟ್ಟು, ಗಾಯಕನು ಎಂದಿನ ದನಿಯಲ್ಲಿ ಹಾಡಲಿ. ಕೊನೆಯ ಸಾಲಿಗೆ ಮಾತು ತಿಳಿಯುವಷ್ಟು ಅವನ ಮೈಕನ್ನು ಏರಿಸಿ, ಅದನ್ನು ಅಲ್ಲಿಗೆ ಬಿಡಬೇಕು. ಎರಡನೆಯದಾಗಿ, ಸ್ಟೈಲನ್ನು ಸೊನ್ನೆಯಲ್ಲಿಟ್ಟು ಬಲಗೈಯ ಸ್ವರವನ್ನು ಕಂಠದ ಕೆಳಗೆ ಹೊಂದಿಸಬೇಕು. ಗಾಯಕನು ಹಾಡುವಾಗ ಕೊಳಲಿನಂತಹ ಮೃದುನಾದ ಲೇಸು. ಚೂಪಾದ ನಾದಗಳನ್ನು ಪಾದಗಳ ನಡುವಿನ ಬಿಡುವಿಗೆ ಕಾದಿಡಬೇಕು. ಕೊನೆಯಲ್ಲಿ ಮಾತ್ರ ಸ್ಟೈಲನ್ನು ಸೊನ್ನೆಯಿಂದ ಮೆಲ್ಲಮೆಲ್ಲನೆ ಏರಿಸುತ್ತ, ತಾಳ ತಿಳಿಯಿತು ಎನ್ನಿಸಿದೊಡನೆ ನಿಲ್ಲಿಸಬೇಕು. ಮೇಲಿನಿಂದ ಇಳಿಸುತ್ತ ಬಂದರೆ ಕೈ ಬೇಗ ನಿಲ್ಲುತ್ತದೆ. ಕೆಳಗಿನಿಂದ ಏರಿಸುತ್ತ ಹೋದರೆ ಬೇಕಾದಷ್ಟಕ್ಕೇ ನಿಲ್ಲುತ್ತದೆ.

ಇಷ್ಟಾದ ಮೇಲೂ ಮಾತು ಮಸಕಾಗಿದ್ದರೆ ಇಡೀ ಸ್ಟೈಲನ್ನು ದೂರುವ ಬದಲು ಅದರ ಭಾಗಗಳನ್ನು ಒಂದೊಂದಾಗಿ ನೋಡಬೇಕು. ಅಲಂಕಾರದ ಪಲುಕುಗಳನ್ನು ತೆಗೆದುಬಿಟ್ಟರೂ ನಷ್ಟವಿಲ್ಲ. ಬೇಸನ್ನೂ ಸ್ವರಮೇಳವನ್ನೂ 100ರಿಂದ 70ಕ್ಕೆ ಇಳಿಸಬಹುದು. ಪಕ್ಕದಲ್ಲಿ ತಬಲ ನುಡಿಸುವವರಿದ್ದರೆ ಕೀಬೋರ್ಡಿನ ಡ್ರಮ್ಮಿಗೆ ಅಲ್ಲಿ ಕೆಲಸವೇನು? ಪ್ರತಿಧ್ವನಿಯ ಮೆರುಗನ್ನೂ ಮಿತಗೊಳಿಸಬೇಕು. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರವನ್ನು ಮುಚ್ಚಬಾರದು. ಹೀಗೆ ಹೊಂದಿಸಿದ ಮಟ್ಟಗಳನ್ನು ಕೀಬೋರ್ಡಿನ ನೆನಪಿನಲ್ಲಿ ಪ್ರತಿ ಹಾಡಿಗೂ ಬೇರೆ ಬೇರೆಯಾಗಿ ಉಳಿಸಿಕೊಳ್ಳುವ ಅನುಕೂಲ ಬಹಳ ವಾದ್ಯಗಳಲ್ಲಿದೆ.

ಇಲ್ಲೊಂದು ತೊಡಕನ್ನು ಹೇಳಬೇಕು. ಬಲಗೈಯ ಸ್ವರವೂ ಸ್ಟೈಲೂ ಕೀಬೋರ್ಡಿನೊಳಗೇ ಬೆರೆತು ಹೊರಬೀಳುತ್ತವೆ. ಹಾಲಿನಲ್ಲಿ ಬೆರೆತ ನೀರಿನಂತೆ ಅವನ್ನು ಧ್ವನಿವರ್ಧಕದವನು ಬೇರ್ಪಡಿಸಲಾರ. ಆದರೆ ಎಡ ಬಲ ಎಂದು ಎರಡು ಹೊರದಾರಿಗಳಿರುವ ಕೀಬೋರ್ಡಿನಲ್ಲಿ, ಬಲಗೈಯ ಸ್ವರವನ್ನು ಪೂರ್ತಿಯಾಗಿ ಒಂದು ದಾರಿಗೂ ಸ್ಟೈಲಿನ ಭಾಗಗಳನ್ನು ಇನ್ನೊಂದಕ್ಕೂ ತಿರುಗಿಸಿ, ಎರಡು ತಂತಿಗಳಲ್ಲಿ ಮಿಕ್ಸರಿಗೆ ಒಯ್ದರೆ, ಎದುರು ನಿಂತು ಕೇಳುವವನ ಕೈಗೆ ಎರಡು ಪ್ರತ್ಯೇಕ ಹಿಡಿಗಳು ಸಿಗುತ್ತವೆ. ಮಿಕ್ಸರಿನಲ್ಲಿ ಆ ಎರಡನ್ನೂ ನಡುವಿಗೆ ತಂದುಕೊಂಡರೆ ಬಯಲಿನ ಎರಡು ಬದಿಗೂ ಎಲ್ಲವೂ ಕೇಳುತ್ತದೆ.

ತಿದಿಯ ಮಾತನ್ನು ಮತ್ತೆ ನೆನೆಯೋಣ. ಕೀಬೋರ್ಡಿಗೆ ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲ್ ಒಂದನ್ನು ಜೋಡಿಸಬಹುದು. ಕೆಲವು ವಾದ್ಯಗಳಲ್ಲಿ ಆ ಪೆಡಲ್ ಯಾವ ಭಾಗಗಳನ್ನು ಆಳಬೇಕೆಂಬುದನ್ನು ನಾವೇ ಗೊತ್ತುಮಾಡಬಹುದು. ಅದನ್ನು ಸ್ಟೈಲಿಗೆ ಮಾತ್ರ ಒಪ್ಪಿಸಿದರೆ, ನಟ ಪದ್ಯ ಎತ್ತಿಕೊಂಡಾಗ ಕಾಲನ್ನು ಸಡಿಲಿಸಿ, ಪಾದ ಮುಗಿದಾಗ ಒತ್ತಬಹುದು. ಹಾರ್ಮೋನಿಯಂ ಮೇಷ್ಟ್ರ ಕೈ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಾಲು ಮಾಡುತ್ತದೆ. ಉಸಿರಿಲ್ಲದ ವಾದ್ಯಕ್ಕೆ ಉಸಿರು ಮರಳಿ ಬರುತ್ತದೆ.

ಒಂದು ಸುಲಭ ಪರೀಕ್ಷೆ

ಸರಿದೂಗಿತೋ ಇಲ್ಲವೋ ಎಂಬುದನ್ನು ತಿಳಿಯಲು ಯಂತ್ರ ಬೇಕಿಲ್ಲ. ಗೊತ್ತಿರುವ ಹಾಡಿನಿಂದ ಪರೀಕ್ಷಿಸಬಾರದು. ಕೇಳದ ಮಾತನ್ನೂ ನೆನಪು ತುಂಬಿಕೊಟ್ಟುಬಿಡುತ್ತದೆ. ಅದರ ಬದಲು ಊರುಗಳ ಹೆಸರಿನ ಪಟ್ಟಿಯೊಂದನ್ನು ಗಾಯಕನ ಕೈಗೆ ಕೊಡೋಣ: ಅರಕೆರೆ, ಬೆಳಗೊಳ, ಪಾಲಹಳ್ಳಿ, ಚಿನಕುರಳಿ, ಕಿಕ್ಕೇರಿ, ಅಕ್ಕಿಹೆಬ್ಬಾಳು, ಸಿಂದಘಟ್ಟ, ಬೆಳ್ಳೂರು, ದೇವಲಾಪುರ, ಬಿಂಡಿಗನವಿಲೆ ಎಂದು ಮುಂತಾಗಿ ಇಪ್ಪತ್ತು ಹೆಸರು, ಯಾವ ಕ್ರಮವೂ ಇಲ್ಲದೆ. ಸ್ಟೈಲ್ ನುಡಿಯುತ್ತಿರುವಾಗ ಅವನು ಅವನ್ನು ಮೈಕಿನಲ್ಲಿ ಹೇಳಲಿ. ಬಯಲಿನ ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ ನಿಂತ ನಾಲ್ವರು ಕೇಳಿದುದನ್ನು ಬರೆದುಕೊಳ್ಳಲಿ. ಸ್ಟೈಲಿನ ಅಂಕಿಯನ್ನು 100, 80, 60 ಎಂದು ಇಳಿಸುತ್ತ, ಪ್ರತಿ ಸಲವೂ ಪಟ್ಟಿಯ ಕ್ರಮವನ್ನು ಬದಲಿಸಿ ಹೋಲಿಸಿದರೆ, ಎಲ್ಲಿ ನಿಲ್ಲಬೇಕೆಂಬುದನ್ನು ಆ ನಾಲ್ಕು ಹಾಳೆಗಳೇ ಹೇಳುತ್ತವೆ.

ಇದರಿಂದ ಇನ್ನೊಂದು ಲಾಭವೂ ಉಂಟು. ಪಕ್ಕವಾದ್ಯ ತಗ್ಗಿದರೆ ಒಟ್ಟು ಶಬ್ದವೂ ತಗ್ಗುತ್ತದೆ. 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳುವುದು ಕಿವಿಗೆ ಹಾನಿಕರವೆಂದೂ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿಯನ್ನು ಅರ್ಧಕ್ಕೆ ಇಳಿಸಬೇಕೆಂದೂ ತಜ್ಞರು ಎಚ್ಚರಿಸುತ್ತಾರೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಕಾಲು ಗಂಟೆಯೇ ಮಿತಿ. ಧ್ವನಿವರ್ಧಕದ ಪೆಟ್ಟಿಗೆಯ ಮುಂದೆಯೇ ಚಾಪೆ ಹಾಸಿ ಕೂರುವ ಮಕ್ಕಳನ್ನು ನಾವು ಮರೆಯಲಾದೀತೆ? ರಾತ್ರಿ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸುವ 2000ದ ಶಬ್ದಮಾಲಿನ್ಯ ನಿಯಮಗಳೂ ಇವೆ. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ನೀಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ದೊರೆತ ಅಷ್ಟು ಹೊತ್ತಿನಲ್ಲಿ ಪದ್ಯವೇ ಕೇಳಿಸದಿದ್ದರೆ ಅನುಮತಿ ಪಡೆದೂ ಫಲವೇನು?

ನಮ್ಮ ಹಿರಿಯರು ಜೊತೆಯ ವಾದ್ಯಕ್ಕೆ ‘ಪಕ್ಕವಾದ್ಯ’ ಎಂಬ ಹೆಸರಿಟ್ಟರು. ಅದರ ಸ್ಥಾನ ಹಾಡಿನ ಪಕ್ಕದಲ್ಲಿ. ಮುಂದೆಯೂ ಅಲ್ಲ, ಮೇಲೆಯೂ ಅಲ್ಲ. ಎಂಟು ವಾದ್ಯಗಳ ತಂಡವನ್ನೇ ಒಡಲಲ್ಲಿ ಅಡಗಿಸಿಕೊಂಡ ಯಂತ್ರಕ್ಕೂ ಈ ಮರ್ಯಾದೆಯನ್ನು ಕಲಿಸಬಹುದು. ಅದಕ್ಕೆ ಬೇಕಾದುದು ಒಂದು ಪೆಡಲ್, ಅರ್ಧ ಗಂಟೆಯ ಪರೀಕ್ಷೆ, ಕೇಳುವ ಕಿವಿ. ಅಷ್ಟನ್ನು ಮಾಡಿದರೆ ಮುಂದಿನ ಸುಗ್ಗಿಯಲ್ಲಿ ಕೊನೆಯ ಸಾಲಿನ ಅಜ್ಜಿಗೂ ಕರ್ಣನ ಪದ್ಯ ಪದಪದವಾಗಿ ಕೇಳಿಸೀತು. ಮರುದಿನ ಕರ್ಣನಿಗೆ ತನ್ನ ಎತ್ತುಗಳನ್ನು ಕರೆಯಲು ದನಿಯೂ ಉಳಿದೀತು.